ಕಸಬು ಕಲಿಯಲು ಸಾಲ: ಸಹಿ ಹಾಕುವ ಮುನ್ನ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಕೆಲಸ ಇನ್ನು ಬಹುಕಾಲ ನಡೆಯದು ಎಂದು ಕಂಡಾಗ ನಲವತ್ತರ ಅಂಚಿನ ಕಾರ್ಮಿಕನೆದುರು ನಿಲ್ಲುವ ಪ್ರಶ್ನೆ ಇದು: ಬೇರೆ ಕಸಬು ಕಲಿಯುವುದು ಹೇಗೆ, ಕಲಿಯುವ ತನಕ ಒಲೆ ಉರಿಯುವುದು ಹೇಗೆ? ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅಲ್ಲಿನ ಕುಟುಂಬಗಳು ಈ ಪ್ರಶ್ನೆಯನ್ನು ಎದುರಿಸಿದವು. ವ್ಯಾಪಾರ ಇಳಿದ ಚಿಕ್ಕ ಅಂಗಡಿಯವರ ಸ್ಥಿತಿಯೂ ಬೇರೆಯಲ್ಲ.

ಇದಕ್ಕೆ ಸಿದ್ಧ ಉತ್ತರ ಹಿಡಿದು ಖಾಸಗಿ ತರಬೇತಿ ಶಾಲೆಗಳು ಬರುತ್ತವೆ. "ಕೈಯಲ್ಲಿ ದುಡ್ಡಿಲ್ಲವೇ? ಚಿಂತೆ ಬೇಡ. ಇಲ್ಲಿ ಸಹಿ ಮಾಡಿ, ಕಂತಿನಲ್ಲಿ ಕಟ್ಟಿ" ಎನ್ನುತ್ತವೆ. ಆ ಸಹಿ ಶಾಲೆಯ ಸೇರ್ಪಡೆಗೆ ಮಾತ್ರವಲ್ಲ. ಅನೇಕ ವೇಳೆ ಫೈನಾನ್ಸ್ ಕಂಪನಿಯೊಂದರ ಸಾಲಪತ್ರಕ್ಕೂ ಹೌದು. ಕಂಪನಿ ಶಾಲೆಯ ಶುಲ್ಕವನ್ನು ಒಮ್ಮೆಗೇ ಕೊಟ್ಟುಬಿಡುತ್ತದೆ. ಅಲ್ಲಿಂದ ನೀವು ಕಂಪನಿಯ ಸಾಲಗಾರರು. ನಾಳೆ ಶಾಲೆ ಮುಚ್ಚಿದರೂ, ಹೇಳಿದ ನೌಕರಿ ಸಿಗದಿದ್ದರೂ, ಕಂಪನಿ ಕಂತು ಕೇಳುವುದನ್ನು ಬಿಡುವುದಿಲ್ಲ. ಕಲಿಕೆಯ ಲಾಭ ಶಾಲೆಗೆ, ಬಡ್ಡಿಯ ಲಾಭ ಕಂಪನಿಗೆ, ನಷ್ಟದ ಭಾರ ಮಾತ್ರ ಕಲಿಯಲು ಹೋದವನಿಗೆ. ಇದು ನ್ಯಾಯವೇ?

ಕಲಿಯಲು ಸಾಲ ಮಾಡಲೇಬಾರದೆಂದು ನಾವು ಹೇಳುತ್ತಿಲ್ಲ. ಖಾಸಗಿ ಸಾಲವನ್ನು ಮೊದಲ ಬಾಗಿಲೆಂದು ತಟ್ಟಬಾರದು, ಅದು ಕೊನೆಯ ಬಾಗಿಲು ಎಂದು ಹೇಳುತ್ತಿದ್ದೇವೆ. ಅದಕ್ಕಿಂತ ಮೊದಲು ಮೂರು ಬಾಗಿಲುಗಳಿವೆ.

ಮೊದಲನೆಯದು ದುಡ್ಡಿಲ್ಲದೆ ಕಲಿಯುವ ದಾರಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಅದೇ ಮಾದರಿಯಲ್ಲಿ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಕೇಂದ್ರಗಳನ್ನು ನಡೆಸುತ್ತಿವೆ. ಹೊಲಿಗೆ, ಮೋಟಾರ್ ರೀವೈಂಡಿಂಗ್, ಮೊಬೈಲ್ ರಿಪೇರಿ ಮುಂತಾದ ಕಸಬುಗಳನ್ನು ಕೆಲವು ವಾರಗಳಲ್ಲಿ ಕಲಿಸುತ್ತವೆ. ಹಳ್ಳಿಯ ಬಡ ಕುಟುಂಬದವರಿಗೆ ಅಲ್ಲಿ ಆದ್ಯತೆ.

ಎರಡನೆಯದು ಸರಕಾರಿ ಐ.ಟಿ.ಐ. ಮತ್ತು ಅಪ್ರೆಂಟಿಸ್ ಕೆಲಸ. ಐ.ಟಿ.ಐ. ಎಂದರೆ ಹುಡುಗರ ಶಾಲೆ ಎಂಬ ಸಂಕೋಚ ಬೇಡ. ಹದಿನಾಲ್ಕು ತುಂಬಿರಬೇಕೆಂಬ ನಿಯಮವಿದೆಯೇ ಹೊರತು ಸಾಮಾನ್ಯವಾಗಿ ಮೇಲಿನ ಮಿತಿಯಿಲ್ಲ. ಇನ್ನು 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಲಿಯುವವನಿಗೆ ತಿಂಗಳ ಭತ್ಯೆ ಕೊಡಲೇಬೇಕು. ಮೂವತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಕಾರ್ಖಾನೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ.

ಮೂರನೆಯದು ಬ್ಯಾಂಕಿನ ಕೌಶಲ್ಯ ಸಾಲ. ಕೇಂದ್ರ ಸರಕಾರ 2015ರಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗಿನ ಯೋಜನೆ ತಂದಿತು. 2024ರ ಜುಲೈಯಲ್ಲಿ ಅದನ್ನು ಏಳೂವರೆ ಲಕ್ಷಕ್ಕೆ ಏರಿಸಿತು. ಇದಕ್ಕೆ ಮನೆ, ಜಮೀನು ಅಡ ಇಡಬೇಕಾಗಿಲ್ಲ. ಸಾಲ ಮುಳುಗಿದರೆ ಅದರ ದೊಡ್ಡ ಪಾಲಿಗೆ ಸರಕಾರದ ಖಾತರಿ ನಿಧಿಯೇ ಹೊಣೆ. ತರಬೇತಿ ಮುಗಿದ ಮೇಲೂ ಕಂತು ಆರಂಭವಾಗಲು ಕೆಲವು ತಿಂಗಳ ಬಿಡುವು ಉಂಟು. ಆದರೆ ಆ ಬಿಡುವಿನಲ್ಲೂ ಬಡ್ಡಿ ಬೆಳೆಯುತ್ತದೆ ಎಂಬುದು ನೆನಪಿರಲಿ. ಮ್ಯಾನೇಜರು "ಅಂಥ ಯೋಜನೆಯೇ ಇಲ್ಲ" ಎಂದರೆ ಅರ್ಜಿಯನ್ನು ಬರಹದಲ್ಲಿ ಕೊಡಿ, ಉತ್ತರವನ್ನೂ ಬರಹದಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಗೆ ಸಾಕ್ಷಿಯಿಲ್ಲ.

ಈ ಮೂರೂ ಬಾಗಿಲು ತೆರೆಯದಿದ್ದರೆ ಖಾಸಗಿ ಸಾಲ. ಅಲ್ಲಿ ಮೊದಲು ಬಡ್ಡಿಯ ಲೆಕ್ಕ ಕೇಳಿ. ಅರವತ್ತು ಸಾವಿರ ಸಾಲ, 24 ತಿಂಗಳು, ಶೇಕಡ 12 "ಫ್ಲಾಟ್" ಬಡ್ಡಿ ಎನ್ನೋಣ. ಹಾಗೆಂದರೆ ನೀವು ಅಸಲನ್ನು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೊದಲಿನ ಅರವತ್ತು ಸಾವಿರದ ಮೇಲೆಯೇ. ಬಡ್ಡಿ 14,400, ತಿಂಗಳ ಕಂತು 3,100. ಉಳಿದ ಅಸಲಿನ ಮೇಲೆ ಮಾತ್ರ ಅದೇ ಶೇಕಡ 12 ಎಣಿಸಿದರೆ ಬಡ್ಡಿ ಸುಮಾರು 7,800, ಕಂತು ಸುಮಾರು 2,825. ಹನ್ನೆರಡು ಎಂದು ಹೇಳಿದ ಫ್ಲಾಟ್ ಬಡ್ಡಿ ನಿಜದಲ್ಲಿ ಇಪ್ಪತ್ತೊಂದನ್ನು ದಾಟುತ್ತದೆ! ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರಿಗೆ ಈ ತೂಕದ ಮೋಸ ಬಿಡಿಸಿ ಹೇಳಬೇಕಾಗಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಎಂಬ ಮುಖ್ಯ ವಿವರಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಕನ್ನಡದಲ್ಲೇ ಕೇಳಿ. ಕೊಡದಿದ್ದರೆ ಸಹಿ ಹಾಕದೆ ಎದ್ದು ಬನ್ನಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಪೀಡಿಸುವಂತಿಲ್ಲ. ದೂರು ಕೊಟ್ಟು 30 ದಿನಗಳಲ್ಲಿ ಕಂಪನಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು.

ವ್ಯಾಪಾರಿ ಮಿತ್ರರಿಗೆ ಇನ್ನೊಂದು ಮಾತು. ನೆರೆಯವನಿಗೆ ಜಾಮೀನು ಹಾಕಲು ನಿಮ್ಮನ್ನೇ ಕರೆಯುತ್ತಾರೆ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸ್ನೇಹಕ್ಕೆ ಹಾಕಿದ ಸಹಿ ನಾಳೆ ಅಂಗಡಿಯ ಮೇಲೆ ಬಂದೀತು. ಪತ್ರ ಓದಿ ಹಾಕಿ; ಓದಲು ಬಾರದಿದ್ದರೆ ನಮ್ಮ ಕಚೇರಿಗೆ ತನ್ನಿ, ಕೂಡಿ ಓದೋಣ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಡವನಿಗೆ ಉಪದೇಶ ಮಾಡುವವರು ಬಹಳ. ಇದ್ದ ಹಾಸಿಗೆಯನ್ನೇ ಎಳೆದುಕೊಂಡವರನ್ನು ಕೇಳುವವರು ಯಾರು? ಇಪ್ಪತ್ತು ವರ್ಷ ದುಡಿಸಿಕೊಂಡ ಗಿರಣಿ ಬಾಗಿಲು ಹಾಕುವಾಗ, ಹೊಸ ಕಸಬು ಕಲಿಯುವ ಖರ್ಚು ಕಾರ್ಮಿಕನ ಹೆಗಲಿಗೇ ಏಕೆ ಬೀಳಬೇಕು? ಕಲಿಯುವ ಕಾಲದ ಕೂಲಿಯನ್ನು ಮಾಲೀಕರು ಕೊಡಲಿ. ಕಲಿಸುವ ಖರ್ಚನ್ನು ಸರಕಾರ ಹೊರಲಿ. ಇದನ್ನು ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೊಡರು. ಸಂಘವಾಗಿ ಕೇಳೋಣ. ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಓದದ ಕಾಗದಕ್ಕೆ ಸಹಿ ಹಾಕದಿರಲಿ.