ಅಧಿಕದ ಭಾರ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ತಂದು ದಾಸೋಹ ನಡೆಸುತ್ತಿದ್ದನೆಂಬುದು ಸರ್ವವಿದಿತವಾದುದು. ಒಂದು ದಿನ ಆತನು ನಿತ್ಯಕ್ಕಿಂತ ಅಧಿಕವಾಗಿ ತರಲು, ಸತಿ ಲಕ್ಕಮ್ಮನು ಹೆಚ್ಚಿನದನ್ನು ಆಯ್ದೆಡೆಯಲ್ಲಿಯೇ ಸುರಿದುಬರುವಂತೆ ಹೇಳಿದಳಂತೆ. ಬಡವರ ಮನೆಗೆ ಭಾಗ್ಯವೆನಿಸಬಹುದಾಗಿದ್ದ ಆ ಹಿಡಿ ಅಕ್ಕಿಯು ಆಕೆಗೆ ಭಾರವಾಗಿ ತೋರಿತು.

ಇಂದಿನ ಮನೆಗಳಿಗೆ ಆ ಭಾರವು ತೋರದು. ವಿಶ್ವಸಂಸ್ಥೆಯ ಪರಿಸರ ಶಾಖೆಯ 2024ರ ವರದಿಯಂತೆ, 2022ರಲ್ಲಿ ಲೋಕದಲ್ಲಿ ವ್ಯರ್ಥವಾದ ಆಹಾರವು ಸುಮಾರು 105 ಕೋಟಿ ಟನ್ನುಗಳು. ಅದರಲ್ಲಿ ನೂರಕ್ಕೆ 60 ಪಾಲು ಗೃಹಗಳದೇ. ಅದೇ ವರ್ಷದಲ್ಲಿ ಕೋಟ್ಯಂತರ ಜನರು ಹಸಿದು ಮಲಗಿದರು.

ತಿಪ್ಪೆಗೆ ಸೇರುವ ಅನ್ನವು ಮೊದಲು ಸಂತೆಯ ಚೀಲದಲ್ಲಿ ಅಧಿಕವಾಗಿಯೇ ಮನೆಯನ್ನು ಹೊಕ್ಕಿರುತ್ತದೆ. ಆದುದರಿಂದ ಗೃಹಸ್ಥನೂ ಗೃಹಿಣಿಯೂ ಬೇಕಾದುದೆಷ್ಟೆಂಬ ಎಣಿಕೆಯನ್ನು ಹೊಸ್ತಿಲಲ್ಲಿಯೇ ಮಾಡತಕ್ಕುದು. ಲಕ್ಕಮ್ಮನು ಅಂದು ಗಂಡನನ್ನು ತಡೆದುದೂ ಅಲ್ಲಿಯೇ.