ತೆಗೆದಿಟ್ಟ ತುಣುಕಿನ ಹೆಸರು

ಸಂಪ್ರದಾಯಸ್ಥ ಯಹೂದ್ಯರು ಸಬ್ಬತ್ ದಿನ ಒಲೆ ಹಚ್ಚುವಂತಿಲ್ಲ. ಆದ್ದರಿಂದ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಮನೆಯಲ್ಲಿ ಜಡೆ ಹೆಣೆದ ಬ್ರೆಡ್ಡು ಬೇಯುತ್ತದೆ. ಅದರ ಹೆಸರು ಹಲ್ಲಾ. ಮೈದಾ, ಯೀಸ್ಟ್, ಮೊಟ್ಟೆ, ಎಣ್ಣೆ ಸೇರಿಸಿ ನಾದಿದ ಹಿಟ್ಟು ಉಬ್ಬಿದ ಮೇಲೆ ಮೂರೋ ಆರೋ ಎಳೆ ಮಾಡಿ ಹೆಣೆಯುತ್ತಾರೆ. ಮಾಂಸದೂಟದೊಡನೆ ಹಾಲಿನ ಪದಾರ್ಥ ಸಲ್ಲದು. ಅದಕ್ಕೇ ಬೆಣ್ಣೆ ಹಾಕುವುದಿಲ್ಲ.

ಈ ಹೆಸರು ಎಲ್ಲಿಂದ ಬಂತು? ಧರ್ಮಗ್ರಂಥದಲ್ಲಿ ಹಲ್ಲಾ ಎಂದರೆ ಹಿಟ್ಟಿನಿಂದ ದೇವರಿಗೆಂದು ತೆಗೆದಿಡುವ ಪಾಲು. ಅದು ಪುರೋಹಿತರಿಗೆ ಸಲ್ಲುತ್ತಿತ್ತು. ಕ್ರಿ.ಶ. 70ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯವನ್ನು ನಾಶ ಮಾಡಿದರು. ಆಲಯ ಹೋಯಿತು, ಪಾಲು ತೆಗೆಯುವುದು ನಿಲ್ಲಲಿಲ್ಲ. ಇಂದಿಗೂ ಹೆಚ್ಚು ಹಿಟ್ಟು ನಾದಿದಾಗ ಒಂದು ತುಣುಕನ್ನು ಕಿತ್ತು ಸುಡುತ್ತಾರೆ. ತಿನ್ನುವ ಬ್ರೆಡ್ಡಿಗೆ, ತಿನ್ನದೆ ಬಿಟ್ಟುಕೊಟ್ಟ ತುಣುಕಿನ ಹೆಸರೇ ಉಳಿದಿದೆ.