ಅಂಚಿನಿಂದ ಬಂದ ಬೆಳಕು



ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ನಪಾಸಾದವನು ನಾನು, ಈಗ ಮೆಕ್ಯಾನಿಕ್. ಅಮ್ಮನನ್ನು ಊರೂರು ತೋರಿಸಲು ಹಳೆಯ ವ್ಯಾನಿನಲ್ಲಿ ಮಲಗುವ ವ್ಯವಸ್ಥೆ ಮಾಡಿದೆ. ತಗ್ಗು ಚಾವಣಿಯ ಬಲ್ಬು ಅವಳ ಕಣ್ಣು ಕುಕ್ಕುತ್ತಿತ್ತು. ಬದಲಿಗೆ 5 ಮಿ.ಮೀ. ದಪ್ಪದ ಅಕ್ರಿಲಿಕ್ ಹಲಗೆಯ ಅಂಚಿಗೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಕೂರಿಸಿದೆ. ಎದುರಿನ ಅಂಚು ಮಿಂಚಿತು, ನಡುವೆಲ್ಲ ಕತ್ತಲೆ!

ಆಗ ಮೇಷ್ಟ್ರು ಹೇಳಿದ್ದ ಪೂರ್ಣ ಆಂತರಿಕ ಪ್ರತಿಫಲನ ನೆನಪಾಯಿತು. ಲಂಬಕ್ಕೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದ ಬೆಳಕು ನುಣುಪಾದ ಅಕ್ರಿಲಿಕ್ಕಿನಿಂದ ಹೊರಬಾರದು. ಉಪ್ಪುಕಾಗದದಿಂದ ಹಿಂಬದಿ ಉಜ್ಜಿದೆ, ಪಟ್ಟಿಯ ಹತ್ತಿರ ಕಡಿಮೆ, ದೂರದಲ್ಲಿ ಹೆಚ್ಚು. ಗೀರು ಬಿದ್ದಲ್ಲೆಲ್ಲ ಬೆಳಕು ಚೆದುರಿ ಹೊರಬಂತು, ಬೆಳದಿಂಗಳ ಹಾಗೆ.

ಮೇಷ್ಟ್ರೇ, ನಿಮ್ಮ ಪಾಠ ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅಂಥದೇ ಹಲಗೆಯೊಂದನ್ನು ಶಾಲೆಯ ಪ್ರಯೋಗಾಲಯಕ್ಕೆ ತಂದಿದ್ದೇನೆ. ಮಕ್ಕಳು ಗೀರಿ ನೋಡಲಿ.